ಸಹಾಯ ಬೇಕು: ಲಾರಿ ಇಂಜಿನ್ ಹೆಡ್ ಬೋಲ್ಟ್ ಟೈಟ್ ಮಾಡೋದು ಹೆಂಗ?

ನಮಸ್ಕಾರ್ರೀ ಎಲ್ಲಾರಿಗೂ. ಪುಣೆ ನಿಗಡಿ ಟ್ರಾನ್ಸ್‌ಪೋರ್ಟ್ ನಗರದಾಗ ನಮ್ಮ ಲಾರಿ ಇಂಜಿನ್ ಕೆಲಸಕ್ಕ ಬಿಚ್ಚೀವಿ, ಆರು ಸಿಲಿಂಡರ್ ಡೀಸೆಲ್, ಲೈನರ್ ಪಿಸ್ಟನ್ ಹೊಸಾವು ಹಾಕಿ ಆಗೈತಿ, ಈಗ ಹೆಡ್ (ಸಿಲಿಂಡರ್ ಮ್ಯಾಲಿನ ಮುಚ್ಚಳ) ಕೂಡಸೋದು ಉಳದೈತಿ. ಮಿಸ್ತ್ರಿ ಹಳೇ ಕೈ, ಟಾರ್ಕ್ ರೆಂಚ್ (ಬೋಲ್ಟ್ ತಿರುಗಸೋ ಬಲ ಅಳಿಯೋ ಪಾನಾ) ಯಾಕ ಬೇಕ್ರೀ ಕೈ ಅಂದಾಜ ಸಾಕು ಅಂತಾನ, ನಂಗ್ಯಾಕೋ ಸರಿ ಅನಸವಲ್ದು.

ನಡುವಿನ ಬೋಲ್ಟಿಂದ ಸುರು ಮಾಡಿ ಹೊರಗ ಹೋಗಬೇಕು, ಒಮ್ಮೆಲೇ ಬಿಗಿ ಮಾಡದ ಎರಡ್ಮೂರು ಸುತ್ತಿನ್ಯಾಗ ಏರಸಬೇಕು, ಇಷ್ಟು ಗೊತ್ತೈತಿ. ಆದ್ರ ಮ್ಯಾನುಯಲ್‌ದಾಗ ಮೊದಲ ಟಾರ್ಕ್, ಅಂದ್ರ ತಿರುಗಸೋ ಬಲ, ನ್ಯೂಟನ್ ಮೀಟರ್ ಲೆಕ್ಕದಾಗ ಕೊಟ್ಟು, ಆಮ್ಯಾಲ ಮತ್ತ 90 ಡಿಗ್ರಿ ತಿರುಗಸ್ರಿ ಅಂತ ಐತಿ. ಹಂಗ ಮಾಡಿದ್ರ ಬೋಲ್ಟ್ ಎಳದು ಉದ್ದ ಆಗ್ತಾವಲ್ರೀ, ಹಳೇವ್ನ ಉದ್ದ ಅಳದು ನೋಡಿ ಮತ್ತ ಹಾಕಬಹುದಾ, ಇಲ್ಲಾ ಹೊಸಾವೇ ಬೇಕಾ?

ಎಣ್ಣಿದೂ ಒಂದು ತಲಿಬ್ಯಾನಿ ಐತಿ ನೋಡ್ರಿ. ಥ್ರೆಡ್ಡಿಗಿ ಎಣ್ಣಿ ಹಚ್ಚಿದ್ರ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಬಿಗೀತೈತಿ, ಒಣಾ ಇದ್ರ ಕಮ್ಮಿ, ಮತ್ತ ತೂತಿನ ತಳದಾಗ ಎಣ್ಣಿ ನಿಂತ್ರ ಬ್ಲಾಕೇ ಸೀಳಬಹುದು. ನೀವು ಎಷ್ಟು ಹಚ್ತೀರಿ, ವಾಷರ್ ಕೆಳಗೂ ಹಚ್ತೀರೇನು?

ಭೋಸರಿ ಚಿಂಚವಡ ಕಡೆ ಕ್ಯಾಲಿಬ್ರೇಶನ್ ಆಗಿರೋ ದೊಡ್ಡ ಟಾರ್ಕ್ ರೆಂಚ್ ಬಾಡಿಗಿಗೆ ಸಿಕ್ಕರ ಹೇಳ್ರಿ ಅಣ್ಣಾರ, ಹೆಡ್ ಇನ್ನೂ ಏರ್ಸಿಲ್ಲ, ನಿಮ್ಮ ಉತ್ತರಕ್ಕ ಕಾಯಾಕತ್ತೀವಿ.