ರಕ್ತದೊತ್ತಡದ ಮಾತ್ರೆ ಮತ್ತು ನಿಮಿರುವಿಕೆಯ ತೊಂದರೆ: ಏನು ಮಾಡಲಿ?

ಪ್ರಶ್ನೆ:
ನನಗೆ 52 ವರ್ಷ. ಆರು ವರ್ಷಗಳಿಂದ ರಕ್ತದೊತ್ತಡಕ್ಕೆ ಅಟೆನೊಲಾಲ್, ಜೊತೆಗೊಂದು ಮೂತ್ರವರ್ಧಕ ಮಾತ್ರೆ ನುಂಗುತ್ತಿದ್ದೇನೆ. ಒಂದು ವರ್ಷದಿಂದ ನಿಮಿರುವಿಕೆ ಉಳಿಯುತ್ತಿಲ್ಲ. ಹೆಂಡತಿ ದೀಪ ಆರಿಸಿದೊಡನೆ ಗೋಡೆಯ ಕಡೆ ಹೊರಳಿ, ನಿದ್ದೆ ಬಂದವನಂತೆ ಉಸಿರೆಳೆಯುತ್ತೇನೆ. ಹೋದ ತಿಂಗಳು ಯಾರಿಗೂ ಹೇಳದೆ ನಾಲ್ಕು ದಿನ ಮಾತ್ರೆ ಬಿಟ್ಟೆ. ಒತ್ತಡ 170/104ಕ್ಕೆ ಏರಿತು. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಳ್ಳಬಹುದೇ?

ಉತ್ತರ 1:
ದಯವಿಟ್ಟು ಇನ್ನೊಮ್ಮೆ ಹಾಗೆ ಬಿಡಬೇಡಿ. ಅಟೆನೊಲಾಲನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಪೆಟ್ಟು. ಈ ಎರಡೂ ಬಗೆಯ ಮಾತ್ರೆಗಳಿಂದ ಕೆಲವರಿಗೆ ಈ ತೊಂದರೆ ಬರುವುದುಂಟು. ನನಗೆ ವೈದ್ಯರು ಟೆಲ್ಮಿಸಾರ್ಟನ್ ಎಂಬ ಬೇರೆ ಬಗೆಯ ಒತ್ತಡದ ಮಾತ್ರೆಗೆ ಬದಲಿಸಿದರು. ಎರಡು ತಿಂಗಳಲ್ಲಿ ಬಹಳಷ್ಟು ಸುಧಾರಿಸಿತು. ಹೃದಯ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಮಾಡಿಸಿದರು. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು, ಹಾಗಾಗಿ ಕೊಬ್ಬು ಕಟ್ಟಿಕೊಂಡರೆ ಮೊದಲ ಸುಳಿವು ಅಲ್ಲೇ ಸಿಗಬಹುದಂತೆ. ಅದನ್ನು ಕೇಳಿ ನನ್ನ ಕೈ ತಣ್ಣಗಾಯಿತು.

ಉತ್ತರ 2:
ಒತ್ತಡ ಹತೋಟಿಯಲ್ಲಿರುವ ಹೆಚ್ಚಿನವರು ವೈದ್ಯರು ಬರೆದುಕೊಟ್ಟರೆ ಸಿಲ್ಡೆನಾಫಿಲ್ ಬಳಸಬಹುದು. ಆದರೆ ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯಿದ್ದರೆ ಮುಟ್ಟಲೇಬಾರದು, ಒತ್ತಡ ಪಾತಾಳಕ್ಕಿಳಿಯುತ್ತದೆ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್‌ನಂಥದ್ದು ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಧೂಮಪಾನವಿದ್ದರೆ ಇಂದೇ ಬಿಡಿ.

ಪ್ರಶ್ನೆ ಕೇಳಿದವರು:
ನೈಟ್ರೇಟ್ ಇಲ್ಲ. ಬಾಯಿಬಿಟ್ಟು ಹೇಳಲಾರದೆ, ಎಲ್ಲವನ್ನೂ ಚೀಟಿಯಲ್ಲಿ ಬರೆದಿದ್ದೇನೆ. ನಾಳೆ ವೈದ್ಯರ ಕೈಗೆ ಕೊಡುತ್ತೇನೆ. ಹೆಂಡತಿಯೂ ಬರುತ್ತಿದ್ದಾಳೆ.