ಎರಡು ಗೆರೆ ನೋಡಿ ಸಿಹಿ ಹಂಚಬೇಡಿ

ಹರಿಹರದ ಚಿಕ್ಕಮ್ಮ ಬೆಳಗ್ಗೆ ಮನೆ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಎಚ್‌ಸಿಜಿ ಇಂಜೆಕ್ಷನ್ ಹಾಕಿಸಿಕೊಂಡ ನಾಲ್ಕೇ ದಿನಕ್ಕೆ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ! ತೂಕವೂ ಇಳಿಯುತ್ತೆ! ಮಕ್ಕಳಿಲ್ಲದವರಿಗೆ ತಲುಪಿಸಿ.’

ಚಿಕ್ಕಮ್ಮ: ಯಾರಿಗಾದರೂ ಉಪಯೋಗ ಆಗಲಿ ಅಂತ ಹಾಕಿದ್ದೀನಿ.

ಅದು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಚಿತ್ರದುರ್ಗದ ಅತ್ತಿಗೆಗೆ ಚಿಕಿತ್ಸೆ ನಡೀತಿದೆ. ಅವರೂ ಇದೇ ಗ್ರೂಪಿನಲ್ಲಿದ್ದಾರೆ.

ಶಿವಣ್ಣ: ಯಾವ ಡಾಕ್ಟರು ಹೇಳಿದ್ದು? ಹೆಸರಿಲ್ಲ, ಊರಿಲ್ಲ.

ಚಿಕ್ಕಮ್ಮ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ನಿನಗೆ ಹೆಣ್ಣು ಹುಡುಕಿದ್ದು ನಾನೇ. ಆಗ ಸಾಕ್ಷಿ ಕೇಳಿದ್ಯಾ?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಈ ಸೂಜಿ ಎಲ್ಲಿತ್ತು? ದುಗ್ಗಮ್ಮನಿಗೆ ಹರಕೆ ಹೊತ್ತು ಕಾಯುತ್ತಿದ್ದರು. ಈಗಿನವರಿಗೆ ತಾಳ್ಮೆ ಇಲ್ಲ.

ಮಂಜ: ದುಗ್ಗಮ್ಮನ ಜಾತ್ರೆ ಅಂದ್ರೆ ನನಗೆ ಅಜ್ಜನೇ ನೆನಪು. ಎಲ್ಲರನ್ನೂ ಬೆಣ್ಣೆ ದೋಸೆ ತಿನ್ನಿಸೋಕೆ ಕರ್ಕೊಂಡು ಹೋಗ್ತಿದ್ರು. ಸಂಜೆ ಮಂಡಕ್ಕಿ ಮಿರ್ಚಿ!

ಚಿಕ್ಕಮ್ಮ: ನಿಮಗೆ ಇಡೀ ದೋಸೆ, ನನ್ನ ಮಕ್ಕಳಿಗೆ ಅರ್ಧ. ನಾನು ಮರೆತಿಲ್ಲ.

ಅಲ್ಲಿಂದ ಮಾತು ಹಳೇ ಮನೆ ಪಾಲಿಗೆ ಹೋಯಿತು. ಯಾರು ಯಾವಾಗ ಏನಂದರು ಅಂತ ಒಂದರ ಹಿಂದೆ ಒಂದು ಮೆಸೇಜು. ಇಂಜೆಕ್ಷನ್ ವಿಷಯ ಯಾರಿಗೂ ಬೇಡ. ನಾನು ದಾವಣಗೆರೆಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ಈ ಇಂಜೆಕ್ಷನ್ ಕೈಯಾರೆ ಕೊಡುವವಳು. ಸುಮ್ನಿರಲು ಆಗಲಿಲ್ಲ. ಉದ್ದಕ್ಕೇ ಬರೆದೆ.

ನಾನು: ಚಿಕ್ಕಮ್ಮ, ಆ ಎರಡು ಗೆರೆ ನಂಬಬೇಡಿ. ಕಿಟ್ ಹುಡುಕುವುದೇ ಗರ್ಭ ನಿಂತಾಗ ಮೈಯಲ್ಲಿ ಹುಟ್ಟುವ ಎಚ್‌ಸಿಜಿ ಹಾರ್ಮೋನನ್ನು. ಇಂಜೆಕ್ಷನ್‌ನಲ್ಲಿ ಇರುವುದೂ ಅದೇ. ಹಾಕಿಸಿಕೊಂಡ ಮೇಲೆ 10ರಿಂದ 14 ದಿನ ಮೈಯಲ್ಲಿ ಉಳಿಯಬಹುದು. ಗರ್ಭ ನಿಲ್ಲದಿದ್ದರೂ ಗೆರೆ ಬರುತ್ತೆ. ನಾವೆಲ್ಲ ಸಿಹಿ ಹಂಚಿ, ಆಮೇಲೆ ಮುಟ್ಟಾದರೆ ಆ ಹೆಣ್ಣುಮಗಳ ಗತಿ ಏನು? ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಸಾಕು. ಈ ಇಂಜೆಕ್ಷನ್ ಕೆಲಸ ಬಲಿತ ಅಂಡವನ್ನು ಹೊರಗೆ ಬಿಡಿಸುವುದು. ಹಾಕಿದ 36ರಿಂದ 40 ಗಂಟೆಯಲ್ಲಿ ಅದು ಆಗುತ್ತೆ. ಸ್ಕ್ಯಾನ್ ನೋಡಿ ‘ರಾತ್ರಿ ಇಷ್ಟು ಗಂಟೆಗೇ ಹಾಕಿಸಿ’ ಅನ್ನೋದು ಅದಕ್ಕೇ. ಹೊತ್ತು ತಪ್ಪಿದರೆ ಮುಚ್ಚಿಡದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಇನ್ನು ತೂಕ. ಎಚ್‌ಸಿಜಿಯಿಂದ ತೂಕ ಇಳಿಯುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದೆ. ಇಂಜೆಕ್ಷನ್ ಆದ ಮೇಲೆ ತೂಕ ದಿಢೀರ್ ಏರಿ, ಹೊಟ್ಟೆ ಉಬ್ಬಿ, ಮೂತ್ರ ಕಮ್ಮಿಯಾಗಿ, ಉಸಿರಾಡೋಕೆ ಕಷ್ಟ ಆದ್ರೆ ಬೆಳಗಾಗಲಿ ಅಂತ ಕಾಯಬಾರದು. ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬಿರಬಹುದು.

ಶಿವಣ್ಣ: ಇದಕ್ಕೆ ಆಧಾರ?

ನಾನು: ಔಷಧಿ ಪೆಟ್ಟಿಗೆಯೊಳಗೆ ಮಡಿಸಿಟ್ಟ ಚೀಟಿ ಇರುತ್ತೆ. ಅಂಗಡಿಗೆ ಬಾ ಅಣ್ಣ, ಕೂತು ಓದು.

ದೊಡ್ಡಪ್ಪ: ಹೆಣ್ಣುಮಕ್ಕಳ ವಿಷಯ ಹೀಗೆ ಎಲ್ಲರ ಮುಂದೆ ಬೇಡಮ್ಮ.

ನಾನು: ಫಾರ್ವರ್ಡ್ ಬಂದಾಗ ನೀವು ಬೇಡ ಅನ್ನಲಿಲ್ಲ ದೊಡ್ಡಪ್ಪ. ತಾಳ್ಮೆ ಇಲ್ಲ ಅಂದಿರಿ. ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಕಾಯುವವರಿಗಿಂತ ತಾಳ್ಮೆ ಯಾರಿಗಿದೆ?

ತುಂಬಾ ಹೊತ್ತು ಯಾರೂ ಬರೆಯಲಿಲ್ಲ. ಆಮೇಲೆ ಅತ್ತಿಗೆ ಕೇಳಿದರು.

ಅತ್ತಿಗೆ: ಮುಂದಿನ ಇಂಜೆಕ್ಷನ್ ದಾವಣಗೆರೆಯಿಂದ ಬಸ್ಸಿನಲ್ಲಿ ತರಬೇಕು. ಐಸ್ ಮೇಲೇ ಇಡಬಹುದಾ?

ನಾನು: ಐಸಿಗೆ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಕೆಡುತ್ತೆ. ಬಟ್ಟೆ ಸುತ್ತಿ ಐಸ್ ಡಬ್ಬಿಯಲ್ಲಿಡಿ. ಪೆಟ್ಟಿಗೆ ಮೇಲೆ 2ರಿಂದ 8 ಡಿಗ್ರಿ ಅಂತ ಇದ್ದರೆ, ಮನೆ ಮುಟ್ಟಿದ ಕೂಡಲೇ ಫ್ರಿಜ್‌ಗೆ. ಫ್ರೀಜರ್ ಬೇಡ.

ಚಿಕ್ಕಮ್ಮ: ಐಸ್ ಡಬ್ಬಿ ನಮ್ಮ ಮನೇಲಿದೆ. ನಾನೇ ದಾವಣಗೆರೆಗೆ ತಂದುಕೊಡ್ತೀನಿ. ಯಾವತ್ತು ಬರ್ತೀಯಮ್ಮ?