ಡಿಎನ್ಎ ಚಿಮಟ ನಾಲ್ಕನೇ ಸುತ್ತಿಗೆ ಪೂರ್ತಿ ತೆರೆಯುತ್ತಿಲ್ಲ, ಏಕೆ?

ಮೈಸೂರು_ಬಯೋ:
ಯುರ್ಕೆ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ ಮೂರೆಳೆಯ ಚಿಮಟ ಇದು: ಇಂಧನ ಎಂಬ ಎಳೆ ಎರಡೂ ತೋಳಿಗೆ ಬೆಸೆದಾಗ ಮುಚ್ಚುತ್ತದೆ, ಪ್ರತಿ-ಇಂಧನ ಎಂಬ ಎಳೆ ಆ ಇಂಧನವನ್ನು ಕಿತ್ತೊಯ್ದಾಗ ತೆರೆಯುತ್ತದೆ. ಎ ಎಳೆ 40 ಬೇಸು, ಬಿ ಮತ್ತು ಸಿ 42. ಎ ಎಳೆಯ ಒಂದು ತುದಿಗೆ ಟೆಟ್ ಎಂಬ ಹೊಳೆಯುವ ಬಣ್ಣ, ಇನ್ನೊಂದಕ್ಕೆ ಹತ್ತಿರ ಬಂದಾಗ ಆ ಬೆಳಕನ್ನು ತಗ್ಗಿಸುವ ಟ್ಯಾಮ್ರಾ. ಇಂಧನ ಎಳೆ 56 ಬೇಸು: ತೋಳುಗಳಿಗೆ 24+24, ಮಿಕ್ಕ 8 ಟೋಹೋಲ್ಡ್, ಅಂದರೆ ಪ್ರತಿ-ಇಂಧನ ಮೊದಲು ಹಿಡಿಯುವ ಬಿಡಿ ತುದಿ. ಚಿಮಟ 1 ಮೈಕ್ರೋಮೋಲಾರ್, 200 ಮೈಕ್ರೋಲೀಟರ್. ಇಂಧನ, ಪ್ರತಿ-ಇಂಧನ ಎರಡನ್ನೂ 50 ಮೈಕ್ರೋಮೋಲಾರ್ ಸ್ಟಾಕಿನಿಂದ 4 ಮೈಕ್ರೋಲೀಟರಿನಂತೆ ಹಾಕುತ್ತಿದ್ದೇನೆ. ಮುಚ್ಚುವುದು ಸರಿಯಿದೆ. ತೆರೆದಾಗಿನ ಟೆಟ್ ಬೆಳಕು ಮಾತ್ರ ಸುತ್ತಿನಿಂದ ಸುತ್ತಿಗೆ ಇಳಿಯುತ್ತಿದೆ. ಎಳೆಗಳು ಹಾಳಾದವೇ?

ಮಂಡ್ಯ_ಜೆಲ್:
ಹಾಳಾಗಿರಲಾರವು ಮೇಡಂ, ಮೊದಲು ಲೆಕ್ಕ ನೋಡಿ. ನಾಲ್ಕು ಸುತ್ತು ಅಂದರೆ ಎಂಟು ಸಲ ಹಾಕಿದ್ದು; 200 ಇದ್ದದ್ದು 232 ಮೈಕ್ರೋಲೀಟರ್ ಆಗುತ್ತದೆ. ಬೆಳಕು ಬರೀ ಅದರಿಂದಲೇ ಶೇ. 14ರಷ್ಟು ಇಳಿಯುತ್ತದೆ. ಪ್ರತಿ ಅಳತೆಯನ್ನೂ ಆಗಿನ ಗಾತ್ರದಿಂದ ಗುಣಿಸಿ 200ರಿಂದ ಭಾಗಿಸಿ.

ಅದಾದ ಮೇಲೂ ಇಳಿದರೆ ನಿಮ್ಮ ಇಂಧನ ಪ್ರತಿ-ಇಂಧನಕ್ಕಿಂತ ಹೆಚ್ಚಿದೆ. ಸುತ್ತಿಗೆ ಶೇ. 10 ಹೆಚ್ಚಾದರೆ ನಾಲ್ಕನೇ ಸುತ್ತಿಗೆ ಶೇ. 40 ಚಿಮಟಗಳು ಮುಚ್ಚಿದಂತೆಯೇ ಉಳಿಯುತ್ತವೆ. ಪ್ರತಿ-ಇಂಧನ ಹೆಚ್ಚಿದ್ದರೆ ಲಕ್ಷಣ ಉಲ್ಟಾ: ತೆರೆಯುವುದು ಸರಿ, ಮುಚ್ಚುವುದು ಅರೆಬರೆ. ಎಳೆಗಳ ಸಾಂದ್ರತೆ ತಿಳಿಯಲು 260 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆಯುವಾಗ 'ಒಂಟಿ ಎಳೆಗೆ 33' ಎಂಬ ಸಾಮಾನ್ಯ ಗುಣಕ ಬೇಡ, ಆಯಾ ಎಳೆಯ ಸರಣಿಗೆ ಲೆಕ್ಕ ಹಾಕಿದ ಗುಣಾಂಕ ಬಳಸಿ. ಅದಕ್ಕಿಂತ ನಂಬಿಕಸ್ತ ದಾರಿ ಟೈಟ್ರೇಷನ್: ಇಂಧನವನ್ನು ಚಿಮಟದ 0.1 ಪಾಲಿನಂತೆ ಹಾಕುತ್ತಾ ಟೆಟ್ ಇಳಿಯುವುದು ನಿಂತ ಬಿಂದು ಗುರುತಿಸಿ, ಪ್ರತಿ-ಇಂಧನಕ್ಕೂ ಹಾಗೇ ಮಾಡಿ. ಅರ್ಧ ಚಿಮಟ ಮುಚ್ಚಲು 13 ಸೆಕೆಂಡ್ ಸಾಕು, ಆದರೆ ಸಮಪ್ರಮಾಣ ಹತ್ತಿರವಾದಂತೆ ನಿಧಾನವಾಗುತ್ತದೆ. ಪ್ರತಿ ಸಲ ಐದು ನಿಮಿಷ ಬಿಡಿ.

ಆಲಿಗೋ_ಕಟ್ಟುವವ:
ಮೇಲಿನದು ಸರಿ. ಜೊತೆಗೆ ಎಳೆಯ ಶುದ್ಧತೆ ನೋಡಿ. ಒಂದೊಂದು ಬೇಸು ಸೇರುವ ಹಂತ ಶೇ. 99.5 ಯಶಸ್ವಿಯಾದರೂ 56 ಬೇಸಿನ ಎಳೆಗಳಲ್ಲಿ ಪೂರ್ಣ ಉದ್ದದವು ಶೇ. 76 ಮಾತ್ರ. ತಯಾರಿಕೆಯಲ್ಲಿ ಎಳೆ ಬೆಳೆಯುವುದು 3' ಎಂಬ ತುದಿಯಿಂದ, ಹಾಗಾಗಿ ತುಂಡಾದವುಗಳಲ್ಲಿ ಕಳೆದುಹೋಗುವುದು ಎದುರಿನ 5' ತುದಿ. ನಿಮ್ಮ ಟೋಹೋಲ್ಡ್ 5' ತುದಿಯಲ್ಲಿದ್ದರೆ ಆ ತುಂಡುಗಳು ಚಿಮಟವನ್ನು ಮುಚ್ಚುತ್ತವೆ, ಪ್ರತಿ-ಇಂಧನಕ್ಕೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಟೋಹೋಲ್ಡನ್ನು 3' ತುದಿಗೆ ಹಾಕಿಸಿ, ಪೇಜ್ (ಜೆಲ್‌ನಲ್ಲಿ ಉದ್ದದ ಪ್ರಕಾರ ಬೇರ್ಪಡಿಸುವ) ಶುದ್ಧೀಕರಣ ಕೇಳಿ.

ನೇಟಿವ್ ಜೆಲ್‌ನಲ್ಲಿ (ಎಳೆಗಳ ಬೆಸುಗೆ ಬಿಡಿಸದೆ ಓಡಿಸುವ ಜೆಲ್) ಚಿಮಟಕ್ಕಿಂತ ಮೇಲೆ ಇನ್ನೊಂದು ಪಟ್ಟಿ ಕಂಡರೆ, ಒಂದೇ ಇಂಧನ ಎರಡು ಚಿಮಟಗಳನ್ನು ಹಿಡಿದುಕೊಂಡಿದೆ. ಸಾಂದ್ರತೆ 0.1 ಮೈಕ್ರೋಮೋಲಾರ್‌ಗೆ ಇಳಿಸಿ. ಆಗ ಮುಚ್ಚಲು ಹತ್ತು ಪಟ್ಟು ಹೊತ್ತು ಬೇಕು.

ಮೈಸೂರು_ಬಯೋ:
ಟೋಹೋಲ್ಡ್ 5' ತುದಿಯಲ್ಲೇ ಇದೆ ಸರ್! ಇನ್ನೊಂದು ಪ್ರಶ್ನೆ: ಕೈಯಿಂದ ಹಾಕದೆ ತಾನೇ ಓಡುವಂತೆ ಮಾಡಬಹುದೇ?

ಆಲಿಗೋ_ಕಟ್ಟುವವ:
ಆಗುತ್ತದೆ. ಇಂಧನ ಎಳೆಯನ್ನು ಹೇರ್‌ಪಿನ್ ಆಗಿ, ಅಂದರೆ ತನಗೆ ತಾನೇ ಬೆಸೆದ ಕುಣಿಕೆಯಾಗಿ, ಮಡಚಿಟ್ಟರೆ ಜೊತೆಗಾರ ಎಳೆಯ ಪಕ್ಕದಲ್ಲೇ ಇದ್ದರೂ ಬೆಸೆಯದೆ ಕಾಯುತ್ತದೆ, ಯಂತ್ರ ಬಂದು ಬಿಚ್ಚಿದಾಗಷ್ಟೇ ಉರಿಯುತ್ತದೆ. ಯಂತ್ರವಿಲ್ಲದೆ ಎರಡನ್ನೂ ಬೆರೆಸಿಟ್ಟು ಸೋರಿಕೆ (ತಾವೇ ಬೆಸೆದುಕೊಂಡ ಪಾಲು) ಎಷ್ಟೆಂದು ಮೊದಲು ಅಳೆಯಿರಿ. ಹೇರ್‌ಪಿನ್ನುಗಳನ್ನು ಬೇರೆಬೇರೆ ಟ್ಯೂಬಿನಲ್ಲಿ 95 ಡಿಗ್ರಿಗೆ ಕಾಯಿಸಿ ತಕ್ಷಣ ಐಸಿಗೆ ಇಡಿ. ಚಿಮಟದ ಹಾಗೆ ನಿಧಾನವಾಗಿ ಆರಿಸಿದರೆ ತನ್ನೊಳಗೆ ಮಡಚಿಕೊಳ್ಳುವ ಬದಲು ಎರಡೆರಡು ಸೇರಿ ಜೋಡಿಯಾಗುತ್ತವೆ.